ಹಗರಿ ಮರಳಿನ ಬಿಳಿ ಹಣ್ಣಿನ ಮುಳ್ಳುಪೊದೆ: ಇದು ಯಾವ ಗಿಡ, ಹಣ್ಣು ತಿನ್ನಬಹುದೇ?

ಹಗರಿ ದಂಡೆಯ ಮೇಷ್ಟ್ರು

ಈ ಗಿಡವನ್ನು ಬಲ್ಲವರು ಗುರುತಿಸಿಕೊಡಬೇಕೆಂದು ಕೇಳಿಕೊಳ್ಳುತ್ತೇನೆ. ನಮ್ಮದು ಅನಂತಪುರ ಜಿಲ್ಲೆಯ ಬೊಮ್ಮನಹಾಳ್ ಮಂಡಲದಲ್ಲಿರುವ ಕನ್ನಡ ಮಾಧ್ಯಮದ ಶಾಲೆ. ವೇದಾವತಿಯನ್ನು ನಮ್ಮ ಕಡೆ ಹಗರಿ ಎಂದೇ ಕರೆಯುವುದು. ದರ್ಗಾ ಹೊನ್ನೂರಿನ ಆಸುಪಾಸಿನಲ್ಲಿ ಆಷಾಢದ ಗಾಳಿ ಹೊಳೆಯ ಒಣ ಪಾತ್ರದಿಂದ ಮರಳನ್ನೆತ್ತಿ ತಂದು ಹೊಲಗಳ ಮೇಲೆ ದಿಬ್ಬವಾಗಿ ಒಟ್ಟುವುದನ್ನು ಕಂಡವರಿಗೆ ಇಲ್ಲಿ ಎಂಥ ಗಿಡ ಬದುಕೀತು ಎಂಬ ಅಂದಾಜು ಇರುತ್ತದೆ. ಬಳ್ಳಾರಿ ಜಾಲಿಯ ಜೊತೆಗೆ ಆ ಮರಳಿನಲ್ಲಿ ನಡು ಬೇಸಿಗೆಯಲ್ಲೂ ಹಸಿರಾಗಿ ನಿಲ್ಲುವುದು ನಮ್ಮ ಶಾಲೆಯ ಪಡುವಣ ಬೇಲಿಯಲ್ಲಿ ತಾನಾಗಿ ಬೆಳೆದಿರುವ ಈ ಮುಳ್ಳುಪೊದೆ.

ಪೊದೆ ಎದೆಯೆತ್ತರ ಬೆಳೆಯುತ್ತದೆ. ಆಸರೆ ಸಿಕ್ಕಿದಲ್ಲಿ ಪಕ್ಕದ ಗಿಡಕ್ಕೆ ಒರಗಿ ಇನ್ನೂ ಮೇಲೇರುತ್ತದೆ. ಹಣ್ಣು ಬಟಾಣಿ ಗಾತ್ರದ್ದು. ಎಳೆಯದಿದ್ದಾಗ ಹಸಿರು, ಮಾಗಿದಾಗ ಅಚ್ಚ ಬಿಳುಪು. ನೋಡಿದರೆ ಬಾಯಿಗೆ ಹಾಕಿಕೊಳ್ಳಬೇಕೆನಿಸುತ್ತದೆ, ಮಕ್ಕಳು ಹಾಕಿಕೊಳ್ಳುತ್ತಲೂ ಇದ್ದಾರೆ. ಊರಿನ ಹಿರಿಯರಲ್ಲಿ ಕೆಲವರು ಇದನ್ನು ಉಪ್ಪಿ ಗಿಡ ಎಂದೂ, ಕೆಲವರು ತೆಲ್ಲಪುರುಗುಡು ಎಂದೂ ಹೇಳುತ್ತಾರೆ. ಹಣ್ಣು ವಿಷವೆಂದೂ, ಬೇಲಿಯನ್ನೇ ಕಿತ್ತುಹಾಕಬೇಕೆಂದೂ ಪೋಷಕರ ಒತ್ತಾಯವಿದೆ. ಇನ್ನೊಂದು ವಿಷಯವೂ ನನಗೆ ತಿಳಿಯದಾಗಿದೆ: ಒಂದೇ ಸಾಲಿನಲ್ಲಿ, ಒಂದೇ ಮಣ್ಣಿನಲ್ಲಿ, ಒಂದೇ ಎತ್ತರಕ್ಕೆ ಬೆಳೆದಿರುವ ಕೆಲವು ಪೊದೆಗಳು ಹೂ ಬಿಟ್ಟರೂ ಒಂದು ಕಾಯನ್ನೂ ಕಟ್ಟುವುದಿಲ್ಲ.

ಸಸ್ಯಪ್ರಿಯ, ರಾಯದುರ್ಗ

ಮೇಷ್ಟ್ರೇ, ಇದರಲ್ಲಿ ಸಂಶಯಕ್ಕೆ ಎಡೆಯೇ ಇಲ್ಲ. ಅದು ತೆಲ್ಲಪುರುಗುಡು, ಸಸ್ಯಶಾಸ್ತ್ರದಲ್ಲಿ ಫ್ಲೂಗಿಯಾ ಲ್ಯೂಕೊಪೈರಸ್. ಮುಳ್ಳಿರುವ ಪೊದೆ, ಬಿಳಿ ಹಣ್ಣು, ಒಣ ಭೂಮಿ, ಈ ಮೂರೂ ಹೊಂದುತ್ತವೆ. ನಾವು ಚಿಕ್ಕವರಿದ್ದಾಗ ದನ ಕಾಯುತ್ತ ಬೊಗಸೆಗಟ್ಟಲೆ ತಿಂದಿದ್ದೇವೆ, ಯಾರಿಗೂ ಏನೂ ಆಗಿಲ್ಲ. ಪೋಷಕರಿಗೆ ಧೈರ್ಯ ಹೇಳಿ.

ತಾಳವಾಡಿ ಓದುಗ

ಸರ್, ಅಷ್ಟು ಬೇಗ ತೀರ್ಮಾನಕ್ಕೆ ಬರುವುದು ಬೇಡವೆಂದು ನನ್ನ ಅಭಿಪ್ರಾಯ. ನಮ್ಮ ತಾಳವಾಡಿ ಬೆಟ್ಟದ ಮೇಲಿದೆ. ಘಾಟಿ ಇಳಿದು ಸತ್ಯಮಂಗಲದ ಬಯಲಿಗೆ ಹೋದರೆ ಬಿಳಿ ಹಣ್ಣು ಬಿಡುವ ಮುಳ್ಳುಗಿಡಗಳು ಎರಡು ಬಗೆಯವು ಸಿಗುತ್ತವೆ. ಅವುಗಳಲ್ಲಿ ಒಂದನ್ನು ತಮಿಳರು ಇಸಂಗು ಅಥವಾ ಸಂಗಂ ಚೆಡಿ ಎನ್ನುತ್ತಾರೆ, ಅಲ್ಲಿಯ ನಾಟಿ ವೈದ್ಯರು ಕೀಲುನೋವಿಗೆ ಅದರ ಎಲೆಯನ್ನು ಬಳಸುತ್ತಾರೆ. ಮೇಷ್ಟ್ರು ಹೇಳಿರುವ ಗುರುತುಗಳು ಎರಡಕ್ಕೂ ಹೊಂದುತ್ತವೆ. ಮುಳ್ಳು ಎಲ್ಲಿ ಹುಟ್ಟುತ್ತದೆ, ರೆಂಬೆಯ ತುದಿಯಲ್ಲೋ ಎಲೆಯ ಬುಡದಲ್ಲೋ ಎಂಬುದನ್ನು ಮೊದಲು ತಿಳಿಸಬೇಕು.

ಆದೋನಿಯ ಉಪನ್ಯಾಸಕಿ

ತಾಳವಾಡಿಯವರ ಪ್ರಶ್ನೆಯೇ ಸರಿಯಾದ ಪ್ರಶ್ನೆ. ಹಣ್ಣಿನ ಬಣ್ಣದಿಂದ ಗಿಡವನ್ನು ಗುರುತಿಸಲು ಹೊರಟರೆ ಒಣನಾಡಿನ ಪೊದೆಗಳಲ್ಲಿ ದಾರಿ ತಪ್ಪುವುದು ಖಂಡಿತ. ಇಲ್ಲಿ ನೋಡಬೇಕಾದದ್ದು ಗಿಣ್ಣನ್ನು, ಅಂದರೆ ಎಲೆ ಕಾಂಡಕ್ಕೆ ಸೇರುವ ಜಾಗವನ್ನು. ಬರಗಾಲ ಬಂದರೆ ಹೂ, ಹಣ್ಣು, ಒಮ್ಮೊಮ್ಮೆ ಎಲೆಯೂ ಇಲ್ಲವಾಗಬಹುದು. ಗಿಣ್ಣು ಮಾತ್ರ ವರ್ಷವಿಡೀ ಇರುತ್ತದೆ, ಮುಳ್ಳಿನ ಹುಟ್ಟನ್ನು ಅಲ್ಲಿಯೇ ಕಾಣಬಹುದು.

ನಾವು ಆಡುಮಾತಿನಲ್ಲಿ ಮುಳ್ಳು ಎಂದು ಕರೆಯುವುದು ಸಸ್ಯಶಾಸ್ತ್ರದಲ್ಲಿ ಬೇರೆ ಬೇರೆ ಅಂಗಗಳಾಗಿರುತ್ತವೆ. ಕವಳೆ ಮತ್ತು ಕಾರೆ ಗಿಡಗಳಲ್ಲಿ ರೆಂಬೆಯೇ ಮೊಟಕಾಗಿ ಮುಳ್ಳಾಗಿದೆ. ಆದ್ದರಿಂದಲೇ ಅದು ಗಟ್ಟಿ, ಮುರಿದರೆ ಒಳಗೆ ಕಟ್ಟಿಗೆ ಕಾಣುತ್ತದೆ. ಬೋರೆಯಲ್ಲಿ ಎಲೆತೊಟ್ಟಿನ ಬುಡದಲ್ಲಿ ಜೋಡಿಯಾಗಿ ಇರಬೇಕಾದ ಪುಟ್ಟ ಎಲೆಗಳು ಮುಳ್ಳಾಗಿವೆ. ಸಾಮಾನ್ಯವಾಗಿ ಅವುಗಳಲ್ಲಿ ಒಂದು ನೇರ, ಇನ್ನೊಂದು ಕೊಕ್ಕೆ. ಲಂಟಾನ ಮತ್ತು ಗುಲಾಬಿಯಲ್ಲಿರುವುದು ಬರಿಯ ತೊಗಟೆಯ ಮೇಲ್ಪದರದ ಬೆಳವಣಿಗೆ, ಹೆಬ್ಬೆರಳಿನಿಂದ ಪಕ್ಕಕ್ಕೆ ಒತ್ತಿದರೆ ಕಳಚಿ ಬರುತ್ತದೆ.

ರಾಯದುರ್ಗದವರು ಹೇಳಿದ ಫ್ಲೂಗಿಯಾದಲ್ಲಿ ಮುಳ್ಳು ರೆಂಬೆಯ ತುದಿ. ಪಕ್ಕದ ರೆಂಬೆಗಳು ಎಲೆ ಹೊತ್ತು ಮುಂದೆ ಹೋಗಿ ಚೂಪಾಗಿ ಮುಗಿಯುತ್ತವೆ. ಎಲೆಗಳು ಗಿಣ್ಣಿಗೊಂದರಂತೆ ಪರ್ಯಾಯವಾಗಿ ಇರುತ್ತವೆ, ತೆಳ್ಳಗೆ ದುಂಡಾಗಿರುತ್ತವೆ. ಹಣ್ಣು ಚಿಕ್ಕದು, ಗೊಂಚಲಾಗಿರುತ್ತದೆ, ಹಿಚುಕಿದರೆ ಹಲವು ಸಣ್ಣ ಬೀಜಗಳು ಸಿಗುತ್ತವೆ. ಆದರೆ ಮೇಷ್ಟ್ರ ಊರಿನ ಕೆಲವು ಹಿರಿಯರು ಹೇಳುವ ಉಪ್ಪಿ, ಅಂದರೆ ಬಿಳಿ ಉಪ್ಪಿ, ತೆಲುಗಿನ ತೆಲ್ಲ ಉಪ್ಪಿ, ಬೇರೆಯೇ ಕುಟುಂಬದ ಅಝೀಮಾ ಟೆಟ್ರಕ್ಯಾಂತಾ. ಅದರಲ್ಲಿ ಎಲೆಗಳು ಎದುರುಬದುರು ಜೋಡಿಯಾಗಿರುತ್ತವೆ, ಪ್ರತಿ ಎಲೆಯ ಕಂಕುಳಿನಿಂದ ಎರಡು ನೇರ ಮುಳ್ಳುಗಳು ಹೊರಡುತ್ತವೆ. ಹೀಗೆ ಒಂದು ಗಿಣ್ಣಿಗೆ ನಾಲ್ಕು ಮುಳ್ಳು. ಕಾರೆಗೂ ಎದುರೆಲೆಯೇ, ಆದರೆ ಗಿಣ್ಣಿಗೆ ಎರಡೇ ಮುಳ್ಳು, ಹಣ್ಣು ಹಳದಿ. ಕವಳೆಯದ್ದು ಕವಲೊಡೆದ ಮುಳ್ಳು, ಎಲೆ ಕಿತ್ತರೆ ಬಿಳಿ ಹಾಲು ಬರುತ್ತದೆ, ಮಾಗಿದ ಹಣ್ಣು ಕಪ್ಪು.

ಮೇಷ್ಟ್ರು ದಯವಿಟ್ಟು ಗಿಣ್ಣನ್ನು ನೋಡಿ, ಹಣ್ಣೊಂದನ್ನು ಅಡ್ಡ ಕೊಯ್ದು, ಎಲೆಯನ್ನು ಹೊಸಕಿ ವಾಸನೆ ನೋಡಿ ತಿಳಿಸಬೇಕು.

ಹಗರಿ ದಂಡೆಯ ಮೇಷ್ಟ್ರು

ಮೇಡಂ, ತಾವು ಹೇಳಿದಂತೆಯೇ ನೋಡಿದ್ದೇನೆ. ಬೇಲಿಯ ಬಹುಪಾಲು ಪೊದೆಗಳಲ್ಲಿ ಎಲೆ ಎದುರುಬದುರು, ದಪ್ಪ, ಬಿರುಸು. ಎಲೆಯ ತುದಿಯೇ ಚುಚ್ಚುತ್ತದೆ. ಗಿಣ್ಣಿಗೆ ನಾಲ್ಕು ಮುಳ್ಳು ಲೆಕ್ಕಕ್ಕೆ ಸಿಕ್ಕವು. ಹಳೆಯ ಕಾಂಡದಲ್ಲಿ ಒಂದೆರಡು ಉದುರಿವೆ. ಹಣ್ಣಿನೊಳಗೆ ಒಂದು, ಕೆಲವದರಲ್ಲಿ ಎರಡು ಬೀಜ, ಚಪ್ಪಟೆಯಾಗಿ ಕಪ್ಪಗಿದೆ. ಎಲೆ ಹೊಸಕಿದಾಗ ಬಂದ ವಾಸನೆಯನ್ನು ಒಳ್ಳೆಯದೆಂದು ಹೇಳಲಾರೆ.

ಆದರೆ ಬೇಲಿಯ ತೆಂಕಣ ತುದಿಯಲ್ಲಿ, ಕಲ್ಲುಗುಪ್ಪೆಯ ಬಳಿ ಇರುವ ಪೊದೆಗಳದ್ದು ತೆಳುವಾದ ದುಂಡನೆಯ ಎಲೆ, ಗಿಣ್ಣಿಗೊಂದೇ, ಮುಳ್ಳು ರೆಂಬೆಯ ತುದಿಯಲ್ಲಿ. ಅದರ ಬಿಳಿ ಹಣ್ಣು ಇನ್ನೂ ಚಿಕ್ಕದು, ಒಳಗೆ ಸಣ್ಣ ಬೀಜಗಳಿವೆ. ದೂರದಿಂದ ನೋಡುವವರಿಗೆ ಬೇಲಿ ಒಂದೇ ಗಿಡದ್ದು.

ತಾಳವಾಡಿ ಓದುಗ

ಹಾಗಾದರೆ ಊರಿನ ಹಿರಿಯರಲ್ಲಿ ಎರಡೂ ಪಕ್ಷದವರ ಮಾತು ಸರಿಯಾಗಿದೆ. ಒಬ್ಬೊಬ್ಬರು ಬೇಲಿಯ ಒಂದೊಂದು ತುದಿಯನ್ನು ನೋಡಿ ಹೇಳಿದ್ದಾರೆ.

ಆದೋನಿಯ ಉಪನ್ಯಾಸಕಿ

ಹೌದು, ನಡುಬೇಲಿಯಲ್ಲಿರುವುದು ಬಿಳಿ ಉಪ್ಪಿ, ತೆಂಕಣ ತುದಿಯಲ್ಲಿರುವುದು ತೆಲ್ಲಪುರುಗುಡು. ಬೀಜ, ಮುಳ್ಳು, ವಾಸನೆ ಮೂರೂ ಕೂಡಿದ ಮೇಲೆ ಮತ್ತೆ ವಾದಕ್ಕೆ ಜಾಗವಿಲ್ಲ.

ಕೆಲವು ಪೊದೆಗಳು ಕಾಯಿ ಕಟ್ಟದಿರುವುದಕ್ಕೆ ಕಾರಣ ನೀರಿನ ಕೊರತೆಯಲ್ಲ. ಬಿಳಿ ಉಪ್ಪಿಯಲ್ಲಿ ಸಾಮಾನ್ಯವಾಗಿ ಗಂಡು ಹೂಗಳೂ ಹೆಣ್ಣು ಹೂಗಳೂ ಬೇರೆ ಬೇರೆ ಗಿಡಗಳಲ್ಲಿ ಇರುತ್ತವೆ. ಗಂಡು ಹೂವಿನಲ್ಲಿ ನಾಲ್ಕು ಕಿರುದಳ, ನಾಲ್ಕು ಕೇಸರ. ಹೆಣ್ಣು ಹೂವಿನಲ್ಲಿ ದಳಗಳ ನಡುವೆ ಅಂಡಾಶಯ ಎದ್ದು ಕಾಣುತ್ತದೆ. ಹೂಗಳು ಹಸಿರುಹಳದಿಯ ಸಣ್ಣವಾದ್ದರಿಂದ ಕೈಮಸೂರ ಬೇಕಾದೀತು. ಕಾಯಿಯಾಗದ ಪೊದೆಗಳು ಗಂಡು, ಅವು ಇಲ್ಲದಿದ್ದರೆ ಉಳಿದವಕ್ಕೂ ಕಾಯಿಯಿಲ್ಲ. ಫ್ಲೂಗಿಯಾದಲ್ಲಿಯೂ ಹೀಗೆಯೇ ಗಂಡುಹೆಣ್ಣು ಬೇರೆ. ಒಂದಕ್ಕೊಂದು ಸಂಬಂಧವಿಲ್ಲದ ಎರಡು ಗಿಡಗಳಲ್ಲಿ ಮುಳ್ಳು, ಬಿಳಿ ಹಣ್ಣು, ಬೇರೆಬೇರೆಯಾದ ಲಿಂಗ, ಈ ಮೂರೂ ಒಟ್ಟಿಗೆ ಬಂದಿರುವುದು ಗುರುತಿಸುವವರಿಗೆ ಸಾಕಷ್ಟು ತೊಂದರೆ ಕೊಡುತ್ತದೆ.

ಈ ಗಿಡದ ಬಂಧುಬಳಗದ ವಿಷಯ ಇನ್ನೂ ಸ್ವಾರಸ್ಯದ್ದು. ಅಝೀಮಾ ಎಂಬ ಕುಲವನ್ನು 1783ರಲ್ಲಿ ಹೆಸರಿಸಿದವನು ಫ್ರಾನ್ಸಿನ ಲಮಾರ್ಕ್, ಜೀವಿಗಳ ಬದಲಾವಣೆಯ ವಾದದಿಂದ ಮುಂದೆ ಪ್ರಸಿದ್ಧನಾದ ಅದೇ ಲಮಾರ್ಕ್. ಗಿಡದ ನೆಲೆ ಆಫ್ರಿಕದ ದಕ್ಷಿಣ ಮತ್ತು ಪೂರ್ವ ಭಾಗಗಳಿಂದ ಮಡಗಾಸ್ಕರ್ ಮೂಲಕ ಭಾರತ, ಶ್ರೀಲಂಕಾ, ಆಗ್ನೇಯ ಏಷ್ಯಾಗಳವರೆಗೆ ಹರಡಿದೆ. ಕರಾವಳಿಯ ಉಪ್ಪು ನೆಲದಲ್ಲಿಯೂ ಒಳನಾಡಿನ ಒಣ ನೆಲದಲ್ಲಿಯೂ ಅದು ಬಾಳುತ್ತದೆ. ಇದು ಗೋಣಿಮರದ, ಅಂದರೆ ಹಲ್ಲುಜ್ಜುವ ಮಿಸ್ವಾಕ್ ಕಡ್ಡಿ ಕೊಡುವ ಸಾಲ್ವಡೋರಾದ ಕುಟುಂಬಕ್ಕೆ ಸೇರಿದ್ದು. ಹತ್ತೊಂಬತ್ತನೆಯ ಶತಮಾನದ ಬ್ರಿಟಿಷ್ ಸಸ್ಯಶಾಸ್ತ್ರಜ್ಞರಾದ ಬೆಂಥಮ್ ಮತ್ತು ಹೂಕರ್ ಅವರ ವರ್ಗೀಕರಣದಲ್ಲಿ ಈ ಕುಟುಂಬವನ್ನು ಮಲ್ಲಿಗೆಯ ಕುಟುಂಬದ ಮಗ್ಗುಲಲ್ಲಿ, ಕವಳೆ ಕಣಗಿಲೆಗಳ ಕುಟುಂಬಕ್ಕಿಂತ ಮುಂಚೆ ಇಟ್ಟಿದ್ದರು. ಮದರಾಸು ಪ್ರಾಂತ್ಯದ ಹಳೆಯ ಸಸ್ಯವಿವರಗಳು ಆ ಕ್ರಮವನ್ನೇ ಅನುಸರಿಸಿವೆ. (ಮೇಷ್ಟ್ರ ಊರು ಸೇರಿದ್ದ ರಾಯದುರ್ಗ ತಾಲ್ಲೂಕು 1953ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿತ್ತು, ನಮ್ಮ ಆದೋನಿಯೂ ಹಾಗೆಯೇ. ಆದ್ದರಿಂದ ಹಳೆಯ ವಿವರಗಳನ್ನು ಹುಡುಕುವವರು ಬಳ್ಳಾರಿ ಎಂಬ ಹೆಸರಿನಡಿಯಲ್ಲಿ ನೋಡಬೇಕು.) ಡಿಎನ್ಎ ಆಧಾರದ ವರ್ಗೀಕರಣ 1998ರಲ್ಲಿ ಹೊರಬಂದಾಗ ಈ ಕುಟುಂಬ ಮಲ್ಲಿಗೆಯ ಮಗ್ಗುಲು ಬಿಟ್ಟು ಸಾಸಿವೆಯ ಗಣಕ್ಕೆ, ಅಂದರೆ ಹತ್ತಿರದ ಕುಟುಂಬಗಳ ಗುಂಪಿಗೆ, ಹೋಯಿತು. ಆ ಗಣದಲ್ಲಿ ಸಾಸಿವೆ, ಮೂಲಂಗಿ, ಎಲೆಕೋಸುಗಳ ಜೊತೆಗೆ ನುಗ್ಗೆ ಮತ್ತು ಪಪ್ಪಾಯಿಗಳೂ ಇವೆ. ಹೊರರೂಪದಲ್ಲಿ ಇವಕ್ಕೆ ಹೋಲಿಕೆಯೇ ಇಲ್ಲ. ಇವನ್ನು ಒಟ್ಟುಗೂಡಿಸುವುದು ಸಾಸಿವೆಯ ಘಾಟಿಗೆ ಕಾರಣವಾದ ಗ್ಲೂಕೋಸಿನೊಲೇಟ್ ಎಂಬ ರಾಸಾಯನಿಕ ವರ್ಗ ಮತ್ತು ಡಿಎನ್ಎ ತೋರಿಸುವ ರಕ್ತಸಂಬಂಧ.

ಅಕ್ಕಲಕೋಟೆಯವರು

ಸೊಲ್ಲಾಪುರ ಜಿಲ್ಲೆಯ ಒಬ್ಬ ಓದುಗನಾಗಿ ಇದಕ್ಕೆ ಸೇರಿಸಲು ಒಂದು ಗಿಡವಿದೆ. ನಮ್ಮ ಕಡೆಯ ಒಣ ಕುರುಚಲಿನಲ್ಲಿ ಮರಾಠಿಗರು ನೇಪತಿ ಎನ್ನುವ ಪೊದೆ ಬೆಳೆಯುತ್ತದೆ. ಸಸ್ಯಶಾಸ್ತ್ರದ ಹೆಸರು ಕಪ್ಪಾರಿಸ್ ಡೆಸಿಡುವಾ, ಸಂಸ್ಕೃತದ ಕರೀರ. ಎಲೆಯೇ ಇಲ್ಲವೆನ್ನಬೇಕು, ಹೊಸ ಚಿಗುರಿನಲ್ಲಿ ಸ್ವಲ್ಪ ಕಾಲ ಕಿರಿದಾದ ಎಲೆಗಳಿದ್ದು ಉದುರುತ್ತವೆ. ಆಹಾರ ತಯಾರಿಕೆಯ ಕೆಲಸವನ್ನು ಹಸಿರು ಕಾಂಡವೇ ವಹಿಸಿಕೊಂಡಿದೆ. ಗಿಣ್ಣಿಗೆ ಎರಡು ಮುಳ್ಳು, ಹೂ ಇಟ್ಟಿಗೆಗೆಂಪು, ಹಣ್ಣು ಮಾಗಿದಾಗ ಗುಲಾಬಿಗೆಂಪು. ರಾಜಸ್ಥಾನದ ಕೇರ್ ಸಾಂಗರಿ ಪಲ್ಯದ ಕೇರ್ ಇದೇ. ಆದರೆ ಅಲ್ಲಿಯವರು ಎಳೆಗಾಯನ್ನು ಕಿತ್ತ ಕೂಡಲೇ ತಿನ್ನುವುದಿಲ್ಲ. ಉಪ್ಪುನೀರಿನಲ್ಲೋ ಮಜ್ಜಿಗೆಯಲ್ಲೋ ಕೆಲವು ದಿನ ನೆನೆಹಾಕಿ ಕಹಿ ತೆಗೆದ ಮೇಲೆಯೇ ಒಣಗಿಸುವುದು ಅಥವಾ ಉಪ್ಪಿನಕಾಯಿ ಹಾಕುವುದು. ಕಪ್ಪಾರಿಸ್ ಕೂಡ ಸಾಸಿವೆಯ ಗಣದ್ದೇ ಅಲ್ಲವೇ ಮೇಡಂ? ಹಾಗಿದ್ದರೆ ನೆನೆಹಾಕುವುದರಿಂದ ಹೋಗುವುದು ಈ ಘಾಟೇ ಇರಬೇಕು.

ಸಸ್ಯಪ್ರಿಯ, ರಾಯದುರ್ಗ

ಇದೆಲ್ಲ ಸರಿ, ಆದರೆ ಮೂಲ ಪ್ರಶ್ನೆ ಹಿಂದೆ ಸರಿಯುತ್ತಿದೆ. ಉಪ್ಪಿ ಹಣ್ಣಿನಲ್ಲಿ ಸಾಸಿವೆಯ ಖಾರವಿದ್ದರೆ ಮಕ್ಕಳು ಅದನ್ನು ಮತ್ತೆ ಮತ್ತೆ ಏಕೆ ತಿನ್ನುತ್ತಾರೆ? ತಿನ್ನುತ್ತಾರೆಂದರೆ ವಿಷವಿಲ್ಲವೆಂದೇ ಅಲ್ಲವೇ? ನನ್ನ ಇನ್ನೊಂದು ಸಲಹೆ: ಈಗ ಅಂಗಡಿಗಳಲ್ಲಿ ಗೋಜಿ ಬೆರ್ರಿ ಎಂದು ದುಬಾರಿ ಬೆಲೆಗೆ ಒಣಹಣ್ಣು ಮಾರುತ್ತಾರೆ, ಅದೂ ಮುಳ್ಳುಪೊದೆಯ ಹಣ್ಣೇ. ನಮ್ಮ ಮರಳಿನಲ್ಲಿ ನೀರಿಲ್ಲದೆ ಬೆಳೆಯುವ ಈ ಗಿಡವನ್ನು ಹಾಗೆ ಬೆಳೆಸಿದರೆ ರೈತರಿಗೆ ಅನುಕೂಲವಾಗಬಹುದು.

ಆದೋನಿಯ ಉಪನ್ಯಾಸಕಿ

ಅಕ್ಕಲಕೋಟೆಯವರ ಊಹೆ ಸರಿಯಾದ ದಿಕ್ಕಿನಲ್ಲಿದೆ; ಕಪ್ಪಾರಿಸ್‌ನ ಗ್ಲೂಕೋಸಿನೊಲೇಟ್‌ಗಳೂ ಪ್ರಸಿದ್ಧವಾದವು.

ರಾಯದುರ್ಗದ ಸರ್ ಕೇಳಿರುವುದಕ್ಕೆ ಸ್ವಲ್ಪ ದೀರ್ಘವಾಗಿ ಉತ್ತರಿಸಬೇಕಾಗಿದೆ. ಗ್ಲೂಕೋಸಿನೊಲೇಟ್ ತಾನಾಗಿ ಘಾಟಲ್ಲ. ಗಿಡ ಅದನ್ನು ಒಂದು ಕೋಶದಲ್ಲಿ ಇಟ್ಟುಕೊಂಡು, ಅದನ್ನು ಒಡೆಯುವ ಮೈರೋಸಿನೇಸ್ ಎಂಬ ಕಿಣ್ವವನ್ನು ಬೇರೊಂದು ಕೋಶದಲ್ಲಿ ಇಟ್ಟುಕೊಂಡಿರುತ್ತದೆ. ಅಗಿದಾಗ ಅಥವಾ ಜಜ್ಜಿದಾಗ ಎರಡೂ ಬೆರೆತು ಐಸೊಥಯೊಸಯನೇಟ್ ಹುಟ್ಟುತ್ತದೆ, ಮೂಗಿಗೇರುವ ಘಾಟು ಅದೇ. ಇಡೀ ಸಾಸಿವೆ ಕಾಳನ್ನು ನುಂಗಿದರೆ ಖಾರವಿಲ್ಲ, ಅರೆದರೆ ಖಾರ ಎಂಬುದು ನಮ್ಮ ಅಡುಗೆಮನೆಗಳಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ.

ಇದನ್ನು ಹಣ್ಣಿನ ಸಂದರ್ಭದಲ್ಲಿ ಬಹಳ ಚೆನ್ನಾಗಿ ತೋರಿಸಿದ ಅಧ್ಯಯನವೊಂದು ಇಸ್ರೇಲಿನ ಮರುಭೂಮಿಯಿಂದ ಬಂದಿದೆ. ಅಲ್ಲಿ ಓಕ್ರಡೀನಸ್ ಬ್ಯಾಕೇಟಸ್ ಎಂಬ ಪೊದೆ ಇದೆ. ಅದಕ್ಕೆ ಮುಳ್ಳಿಲ್ಲ, ಆದರೆ ಸಾಸಿವೆಯ ಗಣದ್ದೇ, ಬಿಳಿ ಹಣ್ಣು ಬಿಡುವಂಥದ್ದು. ಅದರ ತಿರುಳಿನಲ್ಲಿ ಗ್ಲೂಕೋಸಿನೊಲೇಟ್ ಇದ್ದರೂ ಒಡೆಯುವ ಕಿಣ್ವ ಇರುವುದು ಬೀಜದಲ್ಲಿ. ತಿರುಳನ್ನಷ್ಟೇ ತಿಂದವರಿಗೆ ತೊಂದರೆಯಿಲ್ಲ. ಬೀಜವನ್ನು ಕಡಿದವರಿಗೆ ಮಾತ್ರ ಘಾಟು. ಸಾಮಾನ್ಯವಾಗಿ ಬೀಜ ಕಡಿದು ತಿನ್ನುವ ಮುಳ್ಳಿಲಿ ಈ ಹಣ್ಣಿನ ವಿಷಯದಲ್ಲಿ ತಿರುಳನ್ನು ತಿಂದು ಬೀಜವನ್ನು ಕೆಡದಂತೆ ಉಗುಳುವುದನ್ನು 2012ರಲ್ಲಿ ಕರೆಂಟ್ ಬಯಾಲಜಿ ಪತ್ರಿಕೆಯಲ್ಲಿ ವರದಿ ಮಾಡಿದರು. ಬೀಜವನ್ನು ಹಾಳುಮಾಡಬೇಕಾಗಿದ್ದ ಪ್ರಾಣಿಯೇ ಅದನ್ನು ಹರಡುವ ಪ್ರಾಣಿಯಾಗಿದೆ. ಬಿಳಿ ಉಪ್ಪಿಯಲ್ಲಿ ಇದೇ ಏರ್ಪಾಡು ಇದೆಯೆಂದು ನಾನು ಹೇಳುತ್ತಿಲ್ಲ. ಹಣ್ಣು ಎಂಬುದು ಒಂದೇ ವಸ್ತುವಲ್ಲ, ತಿರುಳು, ಸಿಪ್ಪೆ, ಬೀಜಗಳನ್ನು ಬೇರೆ ಬೇರೆಯಾಗಿ ಕೇಳಬೇಕು ಎಂಬುದಷ್ಟೇ ನನ್ನ ಮಾತು.

ಬಿಳಿ ಉಪ್ಪಿಯ ಬಗ್ಗೆ ಗೊತ್ತಿರುವುದು ಇಷ್ಟು. 2004ರಲ್ಲಿ ಪ್ರಕಟವಾದ ಅಧ್ಯಯನವೊಂದು ಗಿಡದ ಭಾಗಗಳಲ್ಲಿ ಇಂಡೋಲ್ ಬಗೆಯ ಗ್ಲೂಕೋಸಿನೊಲೇಟ್‌ಗಳನ್ನು ಗುರುತಿಸಿದೆ. ಅದಕ್ಕೂ ಮುಂಚೆ, 1960ರ ದಶಕದಲ್ಲಿಯೇ, ಈ ಗಿಡದಿಂದ ಅಝಿಮೈನ್, ಅಜ್ಕಾರ್ಪೈನ್ ಮತ್ತು ಕಾರ್ಪೈನ್ ಎಂಬ ಕ್ಷಾರಾಭಗಳನ್ನು (ಆಲ್ಕಲಾಯ್ಡ್, ಅಂದರೆ ಸಣ್ಣ ಪ್ರಮಾಣದಲ್ಲೂ ದೇಹದ ಮೇಲೆ ಪರಿಣಾಮ ಬೀರಬಲ್ಲ ಸಸ್ಯರಾಸಾಯನಿಕ) ಬೇರ್ಪಡಿಸಿದ್ದರು. ಇವುಗಳಲ್ಲಿ ಕಾರ್ಪೈನ್ ಪಪ್ಪಾಯಿ ಎಲೆಯಲ್ಲಿರುವ ಕ್ಷಾರಾಭವೇ. ಡಿಎನ್ಎ ಪರೀಕ್ಷೆ ಇಲ್ಲದ ಕಾಲದಲ್ಲಿ ರಸಾಯನಶಾಸ್ತ್ರ ತೋರಿಸಿದ್ದ ಈ ನಂಟನ್ನು ಮಲ್ಲಿಗೆಯ ಮಗ್ಗುಲಿನಲ್ಲಿ ಕೂತು ವಿವರಿಸುವುದು ಯಾರಿಗೂ ಸುಲಭವಿರಲಿಲ್ಲ. ಮಾಗಿದ ಹಣ್ಣನ್ನು ಜನ ತಿನ್ನುವರೆಂದು ಸಸ್ಯವಿವರಗಳಲ್ಲಿ ದಾಖಲೆಯಿದೆ. ಮಾಗಿದ ಒಂದೆರಡು ಹಣ್ಣಿನ ತಿರುಳನ್ನು ಚೀಪಿ ಬೀಜ ಉಗುಳಿದ ಮಗುವಿನ ಬಗ್ಗೆ ಗಾಬರಿಯಾಗುವ ಕಾರಣವಿಲ್ಲ. ಹಸಿರುಗಾಯಿ, ಬೀಜ, ಎಲೆ, ಬೇರುಗಳಿಗೆ ಈ ಮಾತು ಅನ್ವಯಿಸುವುದಿಲ್ಲ. ಕೀಲುನೋವಿಗೆಂದು ಎಲೆಯ ಕಷಾಯವನ್ನು ಅಂದಾಜಿನ ಮೇಲೆ ಕುಡಿಯುವವರಿಗೂ ಕ್ಷಾರಾಭಗಳ ವಿಷಯ ಗೊತ್ತಿರಬೇಕು.

ಫ್ಲೂಗಿಯಾದ ಮಾಗಿದ ಹಣ್ಣನ್ನೂ ಹಳ್ಳಿಮಕ್ಕಳು ತಿನ್ನುವುದು ನಿಜ. ಆದರೆ ಅದೇ ಕುಲದ ಇನ್ನೊಂದು ಪ್ರಭೇದ ಫ್ಲೂಗಿಯಾ ವಿರೋಸಾದ ತೊಗಟೆಯನ್ನು ಮೀನಿಗೆ ಮತ್ತೇರಿಸಿ ಹಿಡಿಯಲು ಬಳಸುತ್ತಾರೆ, ಅದರಲ್ಲಿ ನರಮಂಡಲದ ಮೇಲೆ ಕೆಲಸ ಮಾಡುವ ಸೆಕ್ಯುರಿನೈನ್ ಇದೆ. ಹಣ್ಣು ತಿಂದವರು ಬದುಕಿದ್ದಾರೆ ಎಂಬುದರಿಂದ ಗಿಡ ನಿರಪಾಯ ಎಂಬ ತೀರ್ಮಾನ ಹೊರಡುವುದಿಲ್ಲ ಸರ್, ಹಣ್ಣು ನಿರಪಾಯ ಎಂಬಷ್ಟೇ ಹೊರಡುತ್ತದೆ. ಬಣ್ಣವಂತೂ ಏನನ್ನೂ ಹೇಳುವುದಿಲ್ಲ: ಬೋರೆಯ ಕೆಂಪು ಹಣ್ಣು ಆಹಾರ, ಗುಲಗಂಜಿಯ ಕೆಂಪು ಬೀಜ ಪ್ರಾಣಾಂತಕ, ಅದೇ ಬೇಲಿಯ ಬುಡದಲ್ಲಿ ಹರಡಿರಬಹುದಾದ ನೆಲಗುಳ್ಳದ ಹಳದಿ ಹಣ್ಣನ್ನು ಮಕ್ಕಳ ಬಾಯಿಗೆ ಬಿಡಬಾರದು.

ಗೋಜಿ ಬೇರೆಯೇ ಗಿಡ. ಅದು ಲೈಸಿಯಂ ಕುಲದ್ದು, ಬದನೆ ಮತ್ತು ಟೊಮೆಟೊಗಳ ಕುಟುಂಬ, ಕೆಂಪು ಹಣ್ಣು. ಚೀನಾದ ನಿಂಗ್ಶಿಯಾದಲ್ಲಿ ಅದನ್ನು ನೀರು ಕೊಟ್ಟು ತೋಟದ ಬೆಳೆಯಾಗಿ ಬೆಳೆಯುತ್ತಾರೆ. ಉಪ್ಪಿಯಲ್ಲಿ ಅರ್ಧದಷ್ಟು ಗಿಡಗಳು ಕಾಯಿ ಕಟ್ಟದ ಗಂಡುಗಳಾದರೆ, ಹಣ್ಣಿನಲ್ಲಿ ಹೆಚ್ಚಿನ ಜಾಗ ಬೀಜಕ್ಕೇ ಹೋದರೆ, ಗಿಣ್ಣಿಗೆ ನಾಲ್ಕರಂತೆ ಮುಳ್ಳಿದ್ದರೆ, ಕೊಯ್ಲಿನ ಕೂಲಿ ಯಾರು ಕೊಡುವುದು?

ಮಡಕಶಿರಾದ ಕುರಿಗಾರರ ಮಗ

ನನಗೆ ಸಸ್ಯಶಾಸ್ತ್ರ ತಿಳಿಯದು, ಕುರಿ ಮೇಯಿಸಿ ಬೆಳೆದ ಮನೆಯವನಾಗಿ ಕಂಡದ್ದನ್ನು ಬರೆಯುತ್ತೇನೆ. ಉಪ್ಪಿ ಗಿಡದ ಬಲಿತ ಎಲೆಯನ್ನು ಕುರಿ ಮುಟ್ಟುವುದಿಲ್ಲ. ಮೇಕೆ ಮಾತ್ರ ಮಳೆ ಬಿದ್ದ ಮೇಲೆ ಬರುವ ಎಳೆ ಚಿಗುರನ್ನು, ಮುಳ್ಳು ಇನ್ನೂ ಮೆತ್ತಗಿರುವಾಗ, ತುಟಿಯಿಂದ ಬಿಡಿಸಿ ತಿನ್ನುತ್ತದೆ. ಹಣ್ಣಿಗೆ ಬರುವುದು ಹೆಚ್ಚಾಗಿ ಪಿಕಳಾರ. ಹೊಸ ಸಸಿಗಳು ಬಯಲಿನಲ್ಲಿ ಹುಟ್ಟುವುದನ್ನು ಕಂಡಿಲ್ಲ. ಜಾಲಿಯ ಅಥವಾ ಕಳ್ಳಿಯ ಬುಡದಲ್ಲಿ, ಹಕ್ಕಿ ಕೂರುವ ರೆಂಬೆಯ ಕೆಳಗೆ ಹುಟ್ಟುತ್ತವೆ. ಬಳ್ಳಾರಿ ಜಾಲಿ ಹಾಗಲ್ಲ, ಅದರ ಕಾಯನ್ನು ದನ, ಕುರಿ ತಿಂದು ಹಿಕ್ಕೆ ಹಾಕಿದಲ್ಲೆಲ್ಲ ಹುಟ್ಟುತ್ತದೆ. ಈ ವ್ಯತ್ಯಾಸಕ್ಕೆ ಕಾರಣವೇನು?

ಆದೋನಿಯ ಉಪನ್ಯಾಸಕಿ

ತಾವು ಬರೆದಿರುವುದೇ ಸಸ್ಯಶಾಸ್ತ್ರ. ಜಾಲಿಯ ಬೀಜದ ಸಿಪ್ಪೆ ಬಿರುಸು, ದನದ ಹೊಟ್ಟೆಯಲ್ಲಿ ಹಾದುಬಂದರೂ ಮೊಳೆಯುತ್ತದೆ. ಗೊಬ್ಬರವೂ ಜೊತೆಗೇ ಬೀಳುವುದರಿಂದ ಬಯಲಿನಲ್ಲಿಯೂ ಬದುಕುತ್ತದೆ. ಉಪ್ಪಿಯ ಬೀಜ ಬೀಳುವುದು ಹಕ್ಕಿ ಕೂತಲ್ಲಿ, ಹಕ್ಕಿ ಕೂರುವುದು ಈಗಾಗಲೇ ಗಿಡವಿರುವಲ್ಲಿ. ಅನಂತಪುರದಂಥ ಜಿಲ್ಲೆಯಲ್ಲಿ, ವರ್ಷದ ಮಳೆ ಸರಾಸರಿ 550 ಮಿಲಿಮೀಟರಿನ ಆಸುಪಾಸಿನಲ್ಲಿರುವಾಗ, ಬಯಲಿನ ಬಿಸಿಲಿಗಿಂತ ಇನ್ನೊಂದು ಪೊದೆಯ ನೆರಳಿನಲ್ಲಿ ಸಸಿಗೆ ತೇವ ಹೆಚ್ಚು ಕಾಲ ಸಿಗುತ್ತದೆ, ಮೇಕೆಯ ಬಾಯಿಯೂ ತಪ್ಪುತ್ತದೆ.

ಕಾಸರಗೋಡಿನ ಗಡಿಯಿಂದ

ನಮ್ಮ ಮುರಕಲ್ಲಿನ ಗುಡ್ಡಗಳಲ್ಲಿ ಚೂರಿಮುಳ್ಳು ಎಂಬ ಪೊದೆಯಿದೆ, ಕಪ್ಪಗಿನ ಸಣ್ಣ ಹಣ್ಣನ್ನು ಮಕ್ಕಳು ತಿನ್ನುವುದುಂಟು. ಮುಳ್ಳು ಕೊಕ್ಕೆಯಾಗಿದ್ದು ಬಟ್ಟೆಗೆ ಸಿಕ್ಕಿದರೆ ಬಿಡುವುದಿಲ್ಲ. ಮಳೆ ಧಾರಾಳವಾಗಿರುವ ನಮ್ಮಲ್ಲಿ ಮುಳ್ಳು ಏಕೆ ಬೇಕಾಯಿತು ಎಂಬುದು ನನ್ನ ಸಂಶಯ.

ಆದೋನಿಯ ಉಪನ್ಯಾಸಕಿ

ಅದು ಬೋರೆಯ ಕುಲದ ಜಿಜಿಫಸ್ ಈನೊಪ್ಲಿಯಾ. ಮುಳ್ಳು ನೀರುಳಿಸಲು ಹುಟ್ಟಿದ್ದೆಂದು ಶಾಲೆಯ ಪಾಠಗಳಲ್ಲಿ ಹೇಳುವುದು ಪೂರ್ತಿ ಸರಿಯಲ್ಲ. ಎಲೆ ಮುಳ್ಳಾದಾಗ ಆವಿಯಾಗುವ ಮೈ ಕಡಿಮೆಯಾಗುವುದು ನಿಜ, ಆದರೆ ಉಪ್ಪಿಯಲ್ಲಿ ಎಲೆಗಳು ಪೂರ್ತಿಯಾಗಿಯೇ ಇವೆ, ಮುಳ್ಳು ಅವುಗಳ ಜೊತೆಗೆ ಬಂದದ್ದು. ಮೇಯುವ ಪ್ರಾಣಿಗಳಿಂದ ಕಾಪಾಡಿಕೊಳ್ಳುವುದೇ ಅದರ ಮುಖ್ಯ ಕೆಲಸ. ತಮ್ಮ ಚೂರಿಮುಳ್ಳಿನ ಕೊಕ್ಕೆ ಇನ್ನೊಂದು ಕೆಲಸವನ್ನೂ ಮಾಡುತ್ತದೆ, ಬಳ್ಳಿಯಂಥ ಕಾಂಡವನ್ನು ಬೇರೆ ಗಿಡದ ಮೇಲೆ ಹಿಡಿದುಕೊಳ್ಳುತ್ತದೆ.

ತಾಳವಾಡಿ ಓದುಗ

ಬೇಲಿ ಕೀಳುವ ಮಾತು ಬಂದಿರುವುದರಿಂದ ಇದನ್ನೂ ಸೇರಿಸಬೇಕೆನಿಸಿತು. ಸಾಸಿವೆಯ ಘಾಟಿಗೆ ಹೆದರದ ಜೀವಿಗಳೂ ಇವೆ. ಕೊಲೊಟಿಸ್ ಅಮಾಟಾ ಎಂಬ ಚಿಟ್ಟೆ, ಇಂಗ್ಲಿಷಿನಲ್ಲಿ ಸ್ಮಾಲ್ ಸ್ಯಾಮನ್ ಅರಬ್, ಕಪ್ಪಂಚಿನ ನಸುಗೆಂಪು ರೆಕ್ಕೆಯದು, ಮೊಟ್ಟೆಯಿಡುವುದು ಬಿಳಿ ಉಪ್ಪಿ ಮತ್ತು ಗೋಣಿಮರದ ಎಲೆಗಳ ಮೇಲೆಯೇ. ಎಲೆಕೋಸಿಗೆ ಬರುವ ಬಿಳಿ ಚಿಟ್ಟೆಯ ಕುಟುಂಬದ್ದೇ ಇದು. ಮೇಷ್ಟ್ರ ಬೇಲಿಯಲ್ಲಿ ಎಲೆಯ ಮೇಲೆ ಹಸಿರು ಹುಳುಗಳು ಕಂಡರೆ ಔಷಧಿ ಹೊಡೆಸಬಾರದೆಂದು ವಿನಂತಿ.

ಹಗರಿ ದಂಡೆಯ ಮೇಷ್ಟ್ರು

ಎಲ್ಲರಿಗೂ ವಂದನೆಗಳು. ಪೋಷಕರ ಸಭೆಯಲ್ಲಿ ಹೇಳಬೇಕಾದದ್ದು ಸ್ಪಷ್ಟವಾಗಿದೆ: ಗಿಡ ಎರಡು ಬಗೆಯದು, ಮಾಗಿದ ಹಣ್ಣಿನ ತಿರುಳಿಗೆ ಗಾಬರಿ ಬೇಡ, ಹಸಿರುಗಾಯಿ ಮತ್ತು ಬೀಜ ಬೇಡ. ಪಡುವಣ ಗಾಳಿಗೆ ಬರುವ ಮರಳನ್ನು ಈ ಬೇಲಿ ತಡೆದು ತನ್ನ ಬುಡದಲ್ಲಿ ಏರಿಯಾಗಿ ಇಟ್ಟುಕೊಳ್ಳುವುದರಿಂದ ಪೂರ್ತಿ ಕೀಳಿಸುವ ಮನಸ್ಸು ನನಗಿಲ್ಲ. ಆದರೆ ಆಟದ ಬಯಲಿನ ಕಡೆಗೆ ಚಾಚಿದ ರೆಂಬೆಗಳನ್ನಂತೂ ಕಡಿಯಲೇಬೇಕು, ಮುಳ್ಳು ಕಣ್ಣಿನ ಮಟ್ಟಕ್ಕೆ ಬಂದಿದೆ. ಯಾವಾಗ ಕಡಿದರೆ ಗಿಡಕ್ಕೆ ತೊಂದರೆಯಿಲ್ಲ? ಗಂಡು ಪೊದೆಗಳನ್ನು ಕಡಿದರೆ ಹಣ್ಣೇ ಇಲ್ಲವಾಗುತ್ತದೆ, ಸಮಸ್ಯೆಯೂ ಮುಗಿಯುತ್ತದೆ ಎಂದು ಸಹೋದ್ಯೋಗಿಯೊಬ್ಬರು ಹೇಳುತ್ತಿದ್ದಾರೆ.

ಆದೋನಿಯ ಉಪನ್ಯಾಸಕಿ

ಗಂಡು ಪೊದೆಗಳನ್ನು ಕಡಿಯುವ ಉಪಾಯ ಜಾಣತನದ್ದೇ, ಆದರೆ ನಡೆಯುವಂಥದ್ದಲ್ಲ. ಸುತ್ತಲಿನ ಹೊಲಗಳ ಬದುಗಳಲ್ಲಿ ಇರುವ ಗಂಡು ಗಿಡಗಳಿಂದ ಕೀಟಗಳು ಪರಾಗ ತರುತ್ತವೆ. ಅದೂ ಅಲ್ಲದೆ ಬೇಲಿಯಲ್ಲಿ ಕಂಡಿ ಬಿದ್ದರೆ ಆಷಾಢದ ಗಾಳಿ ಅಲ್ಲಿಂದಲೇ ನುಗ್ಗುತ್ತದೆ, ಎರಡು ಪೊದೆಗಳ ನಡುವಿನ ಕಂಡಿಯಲ್ಲಿ ಗಾಳಿಯ ವೇಗ ಬಯಲಿಗಿಂತಲೂ ಹೆಚ್ಚಿರುತ್ತದೆ.

ರೆಂಬೆಗಳನ್ನು ಮಳೆಗಾಲ ಮುಗಿದು ಗಾಳಿ ಇಳಿದ ಮೇಲೆ, ಬಯಲಿನ ಕಡೆಯವನ್ನು ಮಾತ್ರ ಕಡಿಸಿ. ನೆಲದಿಂದ ಮೊಣಕಾಲೆತ್ತರದವರೆಗಿನ ಒತ್ತಾದ ರೆಂಬೆಗಳನ್ನು ಮುಟ್ಟಬೇಡಿ, ಮರಳು ಹಿಡಿಯುವುದು ಅವೇ. ಕಡಿದ ಮುಳ್ಳುಗಳನ್ನು ಬೇಲಿಯ ಹೊರಮಗ್ಗುಲಿಗೆ ಒಟ್ಟಿದರೆ ಮೇಕೆಗಳಿಗೂ ತಡೆಯಾಗುತ್ತದೆ.

ಕಡಿಸುವ ದಿನ ನನಗೊಂದು ಉಪಕಾರ ಮಾಡಬೇಕು. ಗಂಡು ಹೂವಿರುವ ಒಂದು ರೆಂಬೆ, ಹೆಣ್ಣು ಹೂವೂ ಹಣ್ಣೂ ಇರುವ ಒಂದು ರೆಂಬೆ, ಗೇಣುದ್ದದ್ದು, ಕನಿಷ್ಠ ಎರಡು ಗಿಣ್ಣು ಸ್ಪಷ್ಟವಾಗಿ ಕಾಣುವಂತೆ, ಹಳೆಯ ಪತ್ರಿಕೆಗಳ ನಡುವೆ ಇಟ್ಟು ಮೇಲೆ ಭಾರ ಹೇರಿ ಒಣಗಿಸಿ. ಪತ್ರಿಕೆಯನ್ನು ದಿನವೂ ಬದಲಾಯಿಸಬೇಕು, ಇಲ್ಲವಾದರೆ ದಪ್ಪ ಎಲೆ ಕಪ್ಪಾಗಿ ಗಿಣ್ಣಿನಿಂದ ಕಳಚುತ್ತದೆ. ಹಣ್ಣನ್ನು ಒತ್ತಬೇಡಿ, ಕೊಯ್ದು ಬೀಜ ತೆಗೆದು ಬೇರೆ ಲಕೋಟೆಯಲ್ಲಿ ಇಡಿ. ತೆಂಕಣ ತುದಿಯ ತೆಲ್ಲಪುರುಗುಡುವಿನದ್ದೂ ಹಾಗೆಯೇ. ಊರು, ತಾರೀಕು, ಮಣ್ಣು, ಪೊದೆಯ ಎತ್ತರ, ಮಾಗಿದ ಹಣ್ಣಿನ ಬಣ್ಣಗಳನ್ನು ಅಲ್ಲಿಯೇ ಬರೆಯಬೇಕು. ಬಿಳಿ ಹಣ್ಣು ಒಣಗಿದ ಮೇಲೆ ಕಂದಾಗುತ್ತದೆ, ಆಮೇಲೆ ನೋಡುವವರಿಗೆ ಅದು ಬಿಳಿಯಿತ್ತೆಂದು ತಿಳಿಯುವ ದಾರಿಯಿಲ್ಲ.